ವಿಕೋಪದ ಹೊತ್ತಿನಲ್ಲಿ ಜನ ಮತ್ತು ಸರ್ಕಾರ: ಬೀದರ್ ಗಡಿನಾಡಿನ ಅನುಭವ

ನೈಸರ್ಗಿಕ ವಿಕೋಪ ಎರಗಿದ ಮೊದಲ ಕೆಲವು ಗಂಟೆಗಳು ಊರ ಜನರ ಕೈಯಲ್ಲೇ ಇರುತ್ತವೆ. ಆಮೇಲಿನ ಕೆಲವು ವಾರಗಳು ಸರ್ಕಾರದ ಕೈಗೆ ಹೋಗುತ್ತವೆ. ಅದರ ನಂತರ ಊರು ಮತ್ತೆ ಎದ್ದು ನಿಲ್ಲಬೇಕಾದ ವರ್ಷಗಳು ಬರುತ್ತವೆ. ಆ ವರ್ಷಗಳು ಹೇಗಿರುತ್ತವೆ ಎಂಬುದು ಸರ್ಕಾರ ಜನರ ಮಾತನ್ನು ಎಷ್ಟು ಕೇಳಿಸಿಕೊಂಡಿತು ಎಂಬುದರ ಮೇಲೆ ನಿಂತಿದೆ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಸೀಮೆಯಲ್ಲಿ ಇದನ್ನು ಕಣ್ಣಾರೆ ಕಂಡವರು ಬಹಳ ಮಂದಿ. ಎಕಂಬಾದಂಥ ಊರುಗಳಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು ಬೆರೆತಿವೆ, ಬೀಗತನ ಎರಡೂ ರಾಜ್ಯಗಳಲ್ಲಿ ಹರಡಿದೆ. ಬರ, ಆಲಿಕಲ್ಲು ಮಳೆ, ಮಾಂಜ್ರಾ ನದಿಯ ಪ್ರವಾಹ, ಭೂಕಂಪ ಯಾವುವೂ ಈ ಗಡಿಗೆ ನಿಲ್ಲುವುದಿಲ್ಲ.

ವಿಕೋಪದಲ್ಲಿ ಪ್ರಜೆಗಳನ್ನು ಕಾಯುವುದು ಆಳುವವರ ಕೆಲಸ ಎಂಬ ಭಾವನೆ ದಖ್ಖನಿನಲ್ಲಿ ಹಳೆಯದು. ಬಹಮನಿ ದೊರೆ ಎರಡನೇ ಮುಹಮ್ಮದ್ ಶಾಹನ ಕಾಲದಲ್ಲಿ (1378–1397) ಭೀಕರ ಬರ ಬಿತ್ತು. ಆಗ ಮಾಳವ ಮತ್ತು ಗುಜರಾತಿನಿಂದ ಧಾನ್ಯ ತರಲು ಅವನು ಹತ್ತು ಸಾವಿರ ಎತ್ತುಗಳನ್ನು ಹೂಡಿ, ತಂದ ಧಾನ್ಯವನ್ನು ಕಡಿಮೆ ಬೆಲೆಗೆ ಮಾರಿಸಿದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅನಾಥ ಮಕ್ಕಳಿಗಾಗಿ ಆ ದೊರೆ ತೆರೆದ ಶಾಲೆಗಳ ಊರುಗಳಲ್ಲಿ ಕಲಬುರಗಿಯ ಜೊತೆಗೆ ಬೀದರ್ ಹೆಸರೂ ಇದೆ. ಮುಂದಿನ ಶತಮಾನದಲ್ಲಿ ಮಂಗಳವೇಢೆಯ ಅಧಿಕಾರಿ ದಾಮಾಜಿ ಪಂತ ಬರಗಾಲದಲ್ಲಿ ಸರ್ಕಾರಿ ಕಣಜದ ಬಾಗಿಲು ತೆರೆದು ಹಸಿದವರಿಗೆ ಹಂಚಿದ ಕತೆ ಬೀದರ್ ದರ್ಬಾರಿಗೇ ಬಂದು ಮುಟ್ಟುತ್ತದೆ. ಅಪ್ಪಣೆ ಇಲ್ಲದೆ ಧಾನ್ಯ ಕೊಟ್ಟನೆಂದು ಬಾದಶಹ ಅವನನ್ನು ಹಿಡಿದು ತರಿಸಿದನಂತೆ, ವಿಠ್ಠಲನೇ ಆಳಿನ ವೇಷದಲ್ಲಿ ಬೀದರಿಗೆ ಬಂದು ಧಾನ್ಯದ ಹಣ ಕಟ್ಟಿದನಂತೆ. ಭಕ್ತರ ಕತೆಯಾದರೂ ಅದರೊಳಗಿನ ಪ್ರಶ್ನೆ ಇಂದಿಗೂ ಆಡಳಿತದ ಪ್ರಶ್ನೆಯೇ. ಜನ ಹಸಿದಿರುವಾಗ ಸ್ಥಳದಲ್ಲಿರುವ ಅಧಿಕಾರಿ ಮೇಲಿನ ಆದೇಶಕ್ಕೆ ಕಾಯಬೇಕೇ?

ಬ್ರಿಟಿಷರ ಆಳ್ವಿಕೆಯಲ್ಲಿ 1876–78ರ ಮಹಾ ಬರದ ನಂತರ ಕ್ಷಾಮ ಆಯೋಗ ಕೂತು 1880ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೇ ಕ್ಷಾಮ ಸಂಹಿತೆಗಳು ಬಂದವು. ಬರ ಬಂತೆಂದು ಯಾವಾಗ ಘೋಷಿಸಬೇಕು, ಕೆಲಸ ಎಲ್ಲಿ ತೆರೆಯಬೇಕು, ಕೂಲಿ ಎಷ್ಟು ಕೊಡಬೇಕು ಎಂಬುದು ಮೊದಲ ಬಾರಿಗೆ ನಿಯಮವಾಗಿ ಬರೆಯಲ್ಪಟ್ಟಿತು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿ ಹೈದರಾಬಾದ್ ನಗರಕ್ಕೆ ನುಗ್ಗಿದಾಗ. ಸಾವಿರಾರು ಜನ ಕೊಚ್ಚಿಹೋದರು. ಮರುವರ್ಷ ನಿಜಾಮ್ ಸರ್ಕಾರ ಮೈಸೂರು ಸೀಮೆಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಅವರ ಯೋಜನೆಯಿಂದ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಎದ್ದವು. ಪರಿಹಾರ ಹಂಚಿ ಕೈತೊಳೆದುಕೊಳ್ಳದೆ, ಅಂಥದೇ ಪ್ರವಾಹ ಮರುಕಳಿಸದಂತೆ ಕಟ್ಟುವುದೂ ಸರ್ಕಾರದ ಹೊಣೆ ಎಂಬುದಕ್ಕೆ ಈ ಭಾಗದಲ್ಲಿ ಅದು ದೊಡ್ಡ ನಿದರ್ಶನ.

ಬೀದರ್ ಗಡಿನಾಡಿನ ಈಚಿನ ನೆನಪಿನಲ್ಲಿ ಎಲ್ಲಕ್ಕಿಂತ ಆಳವಾಗಿ ಕೂತಿರುವುದು ಕಿಲ್ಲಾರಿಯ ಭೂಕಂಪ. ಕಿಲ್ಲಾರಿ ಲಾತೂರ್ ಜಿಲ್ಲೆಯ ಔಸಾ ತಾಲೂಕಿನ ಊರು. ಭಾಲ್ಕಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ 65 ಕಿಲೋಮೀಟರ್ ಆಸುಪಾಸು. ಪಕ್ಕದ ನಿಲಂಗಾ ತಾಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯದೇ ಭಾಗವಾಗಿತ್ತು, ಉದಗೀರ್ ಮತ್ತು ಅಹ್ಮದಪುರ ಕೂಡ. ಹೀಗಾಗಿ ಕಿಲ್ಲಾರಿಯ ಸಾವುನೋವು ಬೀದರಿನವರಿಗೆ ಪರರಾಜ್ಯದ ಸುದ್ದಿ ಆಗಿರಲಿಲ್ಲ.

1992ರ ಆಗಸ್ಟ್‌ನಿಂದಲೇ ಕಿಲ್ಲಾರಿ ಸುತ್ತ ಭೂಮಿ ಸಣ್ಣದಾಗಿ ಅದುರತೊಡಗಿತ್ತು. ಅಕ್ಟೋಬರ್‌ನಲ್ಲಿ ಸ್ವಲ್ಪ ಜೋರಾದ ಕಂಪನವೂ ಆಯಿತು. ಜನ ಹೆದರಿ ಮನೆಯ ಹೊರಗೆ ಮಲಗಿದರು, ಅಧಿಕಾರಿಗಳಿಗೆ ದೂರಿದರು. ತಿಂಗಳುಗಳು ಕಳೆದಂತೆ ಕಂಪನ ತಗ್ಗಿತು, ಜನ ಮತ್ತೆ ಮನೆಯೊಳಗೆ ಮಲಗತೊಡಗಿದರು. ಆಗಿನ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ. ದಖ್ಖನಿನ ಕಪ್ಪು ಬಂಡೆಯ ನೆಲ ಗಟ್ಟಿ, ಇಲ್ಲಿ ದೊಡ್ಡ ಭೂಕಂಪ ಆಗುವುದಿಲ್ಲ ಎಂಬ ನಂಬಿಕೆ ತಜ್ಞರಲ್ಲೂ ಇತ್ತು.

1993ರ ಸೆಪ್ಟೆಂಬರ್ 30, ಗುರುವಾರ ನಸುಕಿನ 3 ಗಂಟೆ 56 ನಿಮಿಷ. ಗಣಪತಿ ವಿಸರ್ಜನೆ ಮುಗಿಸಿ ದಣಿದ ಜನ ಗಾಢ ನಿದ್ದೆಯಲ್ಲಿದ್ದರು. ಭೂಕಂಪದ ಪ್ರಮಾಣ 6.2ರಷ್ಟಿತ್ತು. ಜಗತ್ತಿನ ದೊಡ್ಡ ಭೂಕಂಪಗಳ ಸಾಲಿನಲ್ಲಿ ಅದು ಮಧ್ಯಮ ಗಾತ್ರದ್ದು. ಆದರೆ ಕೇಂದ್ರ ನೆಲಕ್ಕೆ ತೀರಾ ಹತ್ತಿರದಲ್ಲಿತ್ತು, ಮೇಲಿದ್ದ ಮನೆಗಳು ಅಂಥ ಅಲುಗಾಟವನ್ನು ತಾಳುವಂಥವು ಆಗಿರಲಿಲ್ಲ. ಕಿಲ್ಲಾರಿ, ಸಾಸ್ತೂರ್, ಹೋಳಿ, ತಳಣಿ, ಮಂಗರೂಳ್, ಪೇಠ್‌ಸಾಂಗವಿಯಂಥ ಊರುಗಳು ನಿಮಿಷದೊಳಗೆ ಕಲ್ಲುಮಣ್ಣಿನ ಗುಡ್ಡೆಗಳಾದವು. ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಸತ್ತವರು ಸರ್ಕಾರಿ ಲೆಕ್ಕದಂತೆಯೇ 7,900ಕ್ಕೂ ಹೆಚ್ಚು, ಬೇರೆ ಅಂದಾಜುಗಳು ಹತ್ತು ಸಾವಿರದ ಹತ್ತಿರ ಹೋಗುತ್ತವೆ. ಗಡಿಯ ಈಚೆ ಬೀದರ್, ಕಲಬುರಗಿ ಜಿಲ್ಲೆಗಳಲ್ಲೂ ಜನ ಎದ್ದು ಬೀದಿಗೆ ಓಡಿದರು, ಹಳೆಯ ಗೋಡೆಗಳು ಬಿರುಕು ಬಿಟ್ಟವು.

ಇಷ್ಟು ಜನ ಏಕೆ ಸತ್ತರು ಎಂಬುದನ್ನು ಅರಿಯಲು ಈ ಸೀಮೆಯ ಹಳೆಯ ಮನೆಯೊಂದನ್ನು ಹತ್ತಿರದಿಂದ ನೋಡಬೇಕು. ಒಳಗೆ ಮರದ ಕಂಬ, ತೊಲೆ, ಜಂತಿ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದೆರಡು ಅಡಿ ಮಣ್ಣು. ಬಿಸಿಲಿಗೆ ಮನೆ ತಂಪಾಗಿರುತ್ತದೆ. ಮಳೆಗಾಲಕ್ಕೆ ಮೊದಲು ಸೋರದಿರಲೆಂದು ಮಾಳಿಗೆಗೆ ಇನ್ನಷ್ಟು ಮಣ್ಣು ಹಾಕುವುದು ರೂಢಿ. ವರ್ಷದಿಂದ ವರ್ಷಕ್ಕೆ ತಲೆಯ ಮೇಲಿನ ಭಾರ ಏರುತ್ತಲೇ ಹೋಗುತ್ತದೆ. ಸುತ್ತಲ ಗೋಡೆ ಎರಡು ಮೂರು ಅಡಿ ದಪ್ಪ, ನೋಡಲು ಕೋಟೆಯ ಹಾಗೆ. ಆದರೆ ಅದು ಒಂದು ಗೋಡೆಯಲ್ಲ. ಒಳಮುಖಕ್ಕೆ ಒಂದು ಸಾಲು ಕಲ್ಲು, ಹೊರಮುಖಕ್ಕೆ ಒಂದು ಸಾಲು, ನಡುವೆ ಕಲ್ಲುಚೂರು ಮತ್ತು ಕೆಸರು. ಎರಡೂ ಮುಖಗಳನ್ನು ಹಿಡಿದು ನಿಲ್ಲಿಸುವ ಅಡ್ಡಗಲ್ಲುಗಳು ಇಲ್ಲ. ನೆಲ ಅಲುಗಿದಾಗ ಎರಡು ಪದರಗಳು ಬೇರೆಯಾಗಿ ಒಂದು ಒಳಗೆ, ಒಂದು ಹೊರಗೆ ಉರುಳುತ್ತವೆ. ಮಾಳಿಗೆಯ ಮಣ್ಣು ಸುರಿಯುತ್ತದೆ. ಕಾಂಕ್ರೀಟ್ ಕಟ್ಟಡ ಕುಸಿದರೆ ಚಪ್ಪಡಿಗಳ ನಡುವೆ ಅಲ್ಲಲ್ಲಿ ಪೊಟರೆಗಳು ಉಳಿದು ಒಳಗಿನವರು ಉಸಿರಾಡಬಹುದು. ಮಣ್ಣಿನ ಮನೆಯಲ್ಲಿ ಆ ಜಾಗ ಉಳಿಯುವುದಿಲ್ಲ, ಸಿಕ್ಕಿಬಿದ್ದವರು ಬೇಗ ಉಸಿರುಗಟ್ಟುತ್ತಾರೆ. ಅದಕ್ಕೇ ಇಲ್ಲಿ ಮೊದಲ ಎರಡು ಮೂರು ಗಂಟೆಗಳೇ ನಿರ್ಣಾಯಕ.

ಆ ಗಂಟೆಗಳಲ್ಲಿ ಅಲ್ಲಿದ್ದವರು ಊರವರೇ. ಬದುಕಿ ಉಳಿದವರು ಕತ್ತಲಲ್ಲಿ ಕೈಯಿಂದ, ಸಲಿಕೆಯಿಂದ, ಹಾರೆಯಿಂದ ಮಣ್ಣು ಬಗೆದರು. ಯಾವ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ನೆರೆಯವರಿಗೆ ಗೊತ್ತಿರುತ್ತದೆ, ಅದು ಯಾವ ರಕ್ಷಣಾ ಪಡೆಗೂ ಗೊತ್ತಿರದ ವಿಷಯ. ಜೀವಂತ ಹೊರತೆಗೆಯಲ್ಪಟ್ಟವರಲ್ಲಿ ಬಹುಪಾಲು ಜನರನ್ನು ಕಾಪಾಡಿದ್ದು ಮನೆಯವರು, ನೆರೆಯವರು, ಸುತ್ತಲ ಹಳ್ಳಿಗಳಿಂದ ಓಡಿಬಂದವರು. ಜಗತ್ತಿನ ಬಹುತೇಕ ಭೂಕಂಪಗಳಲ್ಲಿ ಇದು ನಿಜ. ಗಾಯಾಳುಗಳು ಲಾರಿ, ಟ್ರಾಕ್ಟರ್, ಜೀಪು ಯಾವುದು ಸಿಕ್ಕಿದರೆ ಅದರಲ್ಲಿ ಉಮರ್ಗಾ, ಲಾತೂರ್, ಸೊಲ್ಲಾಪುರದ ಆಸ್ಪತ್ರೆಗಳಿಗೆ ಹೋದರು. ಶವಗಳಿಗೆ ಸೌದೆ ಸಾಲದೆ ಬಿದ್ದ ಮನೆಗಳ ತೊಲೆ ಬಾಗಿಲುಗಳನ್ನೇ ಒಟ್ಟಿ ಸಾಮೂಹಿಕವಾಗಿ ಸುಟ್ಟರು.

ನಂತರ ಸೇನೆ ಬಂತು. ಮಣ್ಣು ತೆರವು, ತಾತ್ಕಾಲಿಕ ಆಸ್ಪತ್ರೆ, ರಸ್ತೆ, ಶವಸಂಸ್ಕಾರ ಎಲ್ಲದರಲ್ಲೂ ಸೈನಿಕರು ದುಡಿದರು. ಐದನೆಯ ದಿನ ಮಂಗರೂಳಿನಲ್ಲಿ ಅವಶೇಷದಡಿಯಿಂದ ಹದಿನೆಂಟು ತಿಂಗಳ ಹೆಣ್ಣುಮಗುವೊಂದನ್ನು ಅವರು ಜೀವಂತವಾಗಿ ತೆಗೆದರು. ಮಹಾರಾಷ್ಟ್ರದ ಮುಖ್ಯಮಂತ್ರಿ ಶರದ್ ಪವಾರ್ ಭೂಕಂಪವಾದ ದಿನವೇ ಸ್ಥಳಕ್ಕೆ ಬಂದು ಆಡಳಿತದ ಚುಕ್ಕಾಣಿ ಹಿಡಿದರು, ಲಾತೂರಿನ ಜಿಲ್ಲಾಧಿಕಾರಿಯಾಗಿದ್ದ ಪ್ರವೀಣ್‌ಸಿಂಗ್ ಪರದೇಶಿ ಮತ್ತು ಅವರ ಸಿಬ್ಬಂದಿ ಹಗಲುರಾತ್ರಿ ನಿಂತರು. ದೇಶವಿದೇಶಗಳಿಂದ ನೆರವು ಹರಿದುಬಂತು. ಇಲ್ಲೊಂದು ಕಹಿ ಮಾತನ್ನೂ ಹೇಳಬೇಕು. ದೊಡ್ಡ ವಿಕೋಪ ನಡೆದಲ್ಲೆಲ್ಲ ನೋಡುವವರ ದಂಡು, ಗಣ್ಯರ ವಾಹನಗಳು ಮತ್ತು ಬೇಡದ ವಸ್ತುಗಳ ರಾಶಿ ರಸ್ತೆ ಕಟ್ಟುತ್ತವೆ. ಹಳೆಯ ಬಟ್ಟೆಯ ಮೂಟೆಗಳು ಬೀದಿಬದಿ ಮಳೆಯಲ್ಲಿ ನೆನೆಯುತ್ತವೆ. ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಅಲ್ಲಿ ಏನು ಬೇಕೆಂದು ಕೇಳದೆ ಕಳಿಸಿದ್ದು ನೊಂದವರ ಮೇಲೆ ಮತ್ತೊಂದು ಕೆಲಸ ಹೇರುತ್ತದೆ. ಅಂಥ ಹೊತ್ತಿನಲ್ಲಿ ಹಣ ಕಳಿಸುವುದು ಹೆಚ್ಚು ಉಪಯೋಗ.

ಊರು ಮತ್ತೆ ಕಟ್ಟುವ ಕಾಮಗಾರಿ ಆ ಹೊತ್ತಿಗೆ ದೇಶದಲ್ಲಿ ಹಿಂದೆಂದೂ ಕಾಣದ ಗಾತ್ರದ್ದಾಗಿತ್ತು. ವಿಶ್ವಬ್ಯಾಂಕಿನ ಸಾಲ ಪಡೆದು ಮಹಾರಾಷ್ಟ್ರ ಸರ್ಕಾರ ತುರ್ತು ಭೂಕಂಪ ಪುನರ್ವಸತಿ ಕಾರ್ಯಕ್ರಮ ಹಾಕಿಕೊಂಡಿತು. ಪೂರ್ತಿ ನೆಲಸಮವಾದ 52 ಊರುಗಳನ್ನು ಹೊಸ ಜಾಗಕ್ಕೆ ಸ್ಥಳಾಂತರಿಸುವುದು, ಕೆಲವನ್ನು ಅಲ್ಲಲ್ಲೇ ಕಟ್ಟುವುದು, ಉಳಿದ ಎರಡು ಸಾವಿರಕ್ಕೂ ಹೆಚ್ಚು ಊರುಗಳಲ್ಲಿ ಮನೆಗಳನ್ನು ರಿಪೇರಿ ಮಾಡಿ ಗಟ್ಟಿಗೊಳಿಸುವುದು ಎಂದು ಮೂರು ಬಗೆಯ ಕೆಲಸ. ಹೊಸ ಊರುಗಳಲ್ಲಿ ಮನೆಯ ಗಾತ್ರ ಜಮೀನಿನ ಮೇಲೆ ನಿಂತಿತ್ತು. ಭೂಮಿ ಇಲ್ಲದವರಿಗೆ, ತುಂಡು ಭೂಮಿಯವರಿಗೆ 250 ಚದರ ಅಡಿ, ದೊಡ್ಡ ಹಿಡುವಳಿದಾರರಿಗೆ 750 ಚದರ ಅಡಿವರೆಗೆ. ಹಳೆಯ ಊರಿನ ಅಸಮಾನತೆ ಸರ್ಕಾರದ ಕೈಯಿಂದಲೇ ಹೊಸ ಊರಿನ ಅಡಿಪಾಯಕ್ಕೂ ಇಳಿಯಿತು. ಈ ತೀರ್ಮಾನ ಸಮರ್ಥನೀಯವಲ್ಲ.

ಹೊಸ ಊರುಗಳು ಭದ್ರವಾಗಿದ್ದವು. ಆದರೆ ಅಲ್ಲಿ ಬಾಳುವುದು ಸುಲಭವಾಗಿರಲಿಲ್ಲ. ಹಳೆಯ ಊರಿನಲ್ಲಿ ಓಣಿ ಇತ್ತು, ಅಗಸೆ ಇತ್ತು, ಕಟ್ಟೆ ಇತ್ತು, ಮನೆಯ ಮುಂದೆ ದನ ಕಟ್ಟಲು ಜಾಗ ಇತ್ತು. ಹೊಸದರಲ್ಲಿ ನಕ್ಷೆಯಂತೆ ಚೌಕಾಕಾರದ ರಸ್ತೆಗಳು, ಸಾಲು ಮನೆಗಳು, ಹಳೆಯದಕ್ಕಿಂತ ಹಲವು ಪಟ್ಟು ಹರಡಿದ ಊರು. ಅಣ್ಣತಮ್ಮಂದಿರು ಬೇರೆ ಬೇರೆ ಬೀದಿಗೆ ಬಿದ್ದರು, ಹೊಲ ದೂರವಾಯಿತು, ಕಾಂಕ್ರೀಟ್ ಚಾವಣಿಯ ಕೆಳಗೆ ಬೇಸಿಗೆ ಕಳೆಯುವುದು ಕಷ್ಟವಾಯಿತು. ಜನ ಕ್ರಮೇಣ ಪಕ್ಕದಲ್ಲಿ ತಗಡಿನ ಶೆಡ್ ಹಾಕಿ, ಕಟ್ಟೆ ಕಟ್ಟಿ ಆ ಮನೆಗಳನ್ನು ತಮ್ಮದಾಗಿ ಮಾಡಿಕೊಂಡರು.

ರಿಪೇರಿಯ ಕೆಲಸ ಬೇರೆ ದಾರಿ ಹಿಡಿಯಿತು. ಅಲ್ಲಿ ಮನೆಯ ಯಜಮಾನರೇ ಕಟ್ಟುವವರು. ಸರ್ಕಾರ ಹಣವನ್ನು ಕಂತಿನಲ್ಲಿ ಕೊಡುತ್ತಿತ್ತು, ಎಂಜಿನಿಯರ್ ಬಂದು ನೋಡುತ್ತಿದ್ದ. ಆದರೆ ಲಕ್ಷಗಟ್ಟಲೆ ಮನೆಗಳಿಗೆ ಮಾಹಿತಿ ಮುಟ್ಟಿಸುವುದು ಯಾರು? ಪ್ರೇಮಾ ಗೋಪಾಲನ್ ಕಟ್ಟಿದ ‘ಸ್ವಯಂ ಶಿಕ್ಷಣ ಪ್ರಯೋಗ’ ಎಂಬ ಸಂಸ್ಥೆಗೆ ಸರ್ಕಾರ ಆ ಹೊಣೆ ಕೊಟ್ಟಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಊರಿನ ಹೆಂಗಸರೇ ‘ಸಂವಾದ ಸಹಾಯಕ’ರಾಗಿ ನೇಮಕಗೊಂಡರು. ಕಂತು ಯಾವಾಗ ಬರುತ್ತದೆ, ಗೋಡೆಗೆ ಅಡ್ಡಗಲ್ಲು ಎಲ್ಲಿ ಕೂರಿಸಬೇಕು, ಕಬ್ಬಿಣದ ಸರಳಿನ ಪಟ್ಟಿ ಹೇಗೆ ಹಾಕಬೇಕು ಎಂಬುದನ್ನು ಅವರು ಕಲಿತು ಮನೆಮನೆಗೆ ಹೇಳಿದರು, ಗುತ್ತಿಗೆದಾರನ ಕಳಪೆ ಕೆಲಸವನ್ನು ಬೊಟ್ಟು ಮಾಡಿ ತೋರಿಸಿದರು. ಅದೇ ಹೆಂಗಸರಲ್ಲಿ ಕೆಲವರು 2001ರ ಭುಜ್ ಭೂಕಂಪದ ನಂತರ ಗುಜರಾತಿಗೆ ಹೋಗಿ ಅಲ್ಲಿನ ಹೆಂಗಸರಿಗೆ ಕಲಿಸಿದರು. ಕಿಲ್ಲಾರಿಯ ಇಡೀ ಕಾರ್ಯಾಚರಣೆಯಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಇನ್ನೊಂದಿಲ್ಲ. ಹಾಗಿದ್ದೂ ಬಹಳಷ್ಟು ಕುಟುಂಬಗಳು ಸಿಕ್ಕ ಹಣದಲ್ಲಿ ಹಳೆಯ ಗೋಡೆ ಗಟ್ಟಿ ಮಾಡುವ ಬದಲು ಪಕ್ಕದಲ್ಲೇ ಒಂದು ಹೊಸ ಕೋಣೆ ಕಟ್ಟಿಕೊಂಡವು. ಕಲ್ಲುಮಣ್ಣಿನ ಮೇಲಿನ ನಂಬಿಕೆಯೇ ಹೊರಟುಹೋಗಿತ್ತು.

ಕರ್ನಾಟಕ ಇಂಥದೇ ದಾರಿಯನ್ನು 2009ರಲ್ಲಿ ತುಳಿಯಿತು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ಮಣ್ಣಿನ ಗೋಡೆಯವೇ. ರಾಜ್ಯ ಸರ್ಕಾರ ‘ಆಸರೆ’ ಯೋಜನೆಯಡಿ ಕಂಪನಿಗಳು, ಮಠಗಳು, ದಾನಿಗಳ ನೆರವಿನಿಂದ ನವಗ್ರಾಮಗಳನ್ನು ಕಟ್ಟಿತು. ಹೊಲಕ್ಕೆ ದೂರ, ದನಕ್ಕೆ ಜಾಗವಿಲ್ಲ ಎಂಬ ಕಾರಣಗಳಿಗೆ ಅನೇಕ ಕಡೆ ಆ ಮನೆಗಳು ಖಾಲಿ ಉಳಿದವು. ಹದಿನಾರು ವರ್ಷ ಹಿಂದೆ ಪಕ್ಕದ ಜಿಲ್ಲೆಯಲ್ಲಿ ಕಂಡ ತೊಡಕನ್ನು ಯೋಜನೆ ಮಾಡಿದವರು ಕೇಳಿ ತಿಳಿಯಬಹುದಿತ್ತು.

ಕಾನೂನಿನ ಚೌಕಟ್ಟು ಬಂದದ್ದೂ ಕಿಲ್ಲಾರಿ ಭೂಕಂಪವಾಗಿ ಎಷ್ಟೋ ವರ್ಷಗಳ ಮೇಲೆ. ಭುಜ್ ಭೂಕಂಪ ಮತ್ತು 2004ರ ಸುನಾಮಿಯ ನಂತರ ಸಂಸತ್ತು 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಮಾಡಿತು. ಪ್ರಧಾನಿ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಮುಖ್ಯಮಂತ್ರಿ ಅಧ್ಯಕ್ಷತೆಯಲ್ಲಿ ರಾಜ್ಯ ಪ್ರಾಧಿಕಾರ, ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ಎಂಬ ಮೂರು ಹಂತ. ರಕ್ಷಣಾ ಕಾರ್ಯಕ್ಕೆಂದೇ ತರಬೇತಾದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಹುಟ್ಟಿತು. ಹಣಕ್ಕೆ ರಾಜ್ಯ ವಿಪತ್ತು ಸ್ಪಂದನಾ ನಿಧಿ, ಅದರಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು 75, ರಾಜ್ಯದ ಪಾಲು 25. ಭೂಕಂಪ ನಕ್ಷೆಯನ್ನೂ 2002ರಲ್ಲಿ ತಿದ್ದಿ, ‘ಒಂದನೇ ವಲಯ’ ಎಂಬುದನ್ನೇ ತೆಗೆದುಹಾಕಿ, ಕಿಲ್ಲಾರಿ ಪ್ರದೇಶವನ್ನು ಮೂರನೇ ವಲಯಕ್ಕೆ ಸೇರಿಸಲಾಯಿತು. ಈ ವ್ಯವಸ್ಥೆಗೆ ಒಂದು ಸಣ್ಣ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ಬೀದರಿನ ನೆರೆಯ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ಎದುರಾಯಿತು. ಅಲ್ಲಿ ದಿನಗಟ್ಟಲೆ ನೆಲ ಅದುರಿ, ಜನ ಊರು ಬಿಟ್ಟು ಹೊರಟರು, ಉಳಿದವರು ಬಯಲಲ್ಲಿ ಮಲಗಿದರು. ಈ ಬಾರಿ ಕಂಪನ ಅಳೆಯುವ ಯಂತ್ರ ಬಂತು, ತಜ್ಞರು ಬಂದರು. 1992ರ ಕಿಲ್ಲಾರಿಗೆ ಹೋಲಿಸಿದರೆ ಇದು ಮುನ್ನಡೆ. ಆದರೆ ಜನ ಮತ್ತೆ ಮಲಗಲು ಹೋದದ್ದು ಅದೇ ಹಳೆಯ ಕಲ್ಲುಮಣ್ಣಿನ ಮನೆಗಳಿಗೆ.

ಭೂಕಂಪ ಒಂದು ನಿಮಿಷದ್ದು. ಬರ ವರ್ಷಗಟ್ಟಲೆ ಕೂರುತ್ತದೆ, ಅದಕ್ಕೆ ಸೈರನ್ ಇಲ್ಲ, ಕ್ಯಾಮೆರಾ ಬರುವುದಿಲ್ಲ. ಔರಾದ್, ಭಾಲ್ಕಿಯ ರೈತರಿಗೆ ಹೆಚ್ಚು ಪರಿಚಿತ ವಿಕೋಪ ಇದೇ. 1972ರ ಬರದಲ್ಲಿ ನೆರೆಯ ಮಹಾರಾಷ್ಟ್ರ ಸರ್ಕಾರ ಕೇಳಿದವರಿಗೆಲ್ಲ ಕೂಲಿ ಕೆಲಸ ಕೊಡುವ ರೋಜ್‌ಗಾರ್ ಹಮಿ ಯೋಜನೆಯನ್ನು ದೊಡ್ಡದಾಗಿ ನಡೆಸಿತು. ಇಡೀ ದೇಶದ ಉದ್ಯೋಗ ಖಾತ್ರಿ ಕಾಯ್ದೆಗೆ 2005ರಲ್ಲಿ ಅದೇ ಮೂಲವಾಯಿತು. ಕರ್ನಾಟಕ 1988ರಲ್ಲಿ ಬರ ಉಸ್ತುವಾರಿ ಕೋಶ ತೆರೆಯಿತು, ಅದೇ ಬೆಳೆದು ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುವ ಅದರ ಜಾಲ ದೇಶಕ್ಕೇ ಮಾದರಿ.

2016ರ ಬೇಸಿಗೆಯಲ್ಲಿ ಲಾತೂರ್ ನಗರಕ್ಕೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ‘ಜಲದೂತ’ ಎಂಬ ಆ ರೈಲು ಸುಮಾರು 340 ಕಿಲೋಮೀಟರ್ ನೀರು ಹೊತ್ತು ಓಡಿತು. ಅದೇ ಬರ ಬೀದರಿನಲ್ಲೂ ಇತ್ತು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಜನರನ್ನು ಸೇರಿಸಿಕೊಂಡು ಕೆರೆಗಳ ಹೂಳೆತ್ತಿಸಿದರು, ಕಸ ತುಂಬಿದ್ದ ಹಳೆಯ ಬಾವಿಗಳನ್ನು ತೆರವು ಮಾಡಿಸಿದರು. ನೌಬಾದಿನ ನೆಲದಡಿಯ ಸುರಂಗ ಬಾವಿ, ಅಂದರೆ ಬಹಮನಿ ಕಾಲದ ಕರೇಜ್, ಆ ವರ್ಷಗಳಲ್ಲೇ ಮತ್ತೆ ಬೆಳಕು ಕಂಡಿತು. ಆರು ನೂರು ವರ್ಷ ಹಿಂದಿನವರು ಬರಕ್ಕೆ ಕೊಟ್ಟ ಉತ್ತರ ಕಾಲ ಕೆಳಗೇ ಇತ್ತು. ಟ್ಯಾಂಕರ್ ಬೇಸಿಗೆ ಕಳೆಯಲು ಬೇಕು, ಆದರೆ ಮುಂದಿನ ಬೇಸಿಗೆಗೆ ಉಳಿಯುವುದು ಹೂಳೆತ್ತಿದ ಕೆರೆಯೇ.

ಬರದ ಪರಿಹಾರದಲ್ಲಿ ಕೇಂದ್ರ ಮತ್ತು ರಾಜ್ಯದ ಎಳೆದಾಟ ರೈತನ ತಲೆಯ ಮೇಲೆ ಬರುತ್ತದೆ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ತಿಂಗಳುಗಳು ಕಳೆದರೂ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,450 ಕೋಟಿ ಬಿಡುಗಡೆಯಾಯಿತು. ಮುಂಗಾರು ಕೈಕೊಟ್ಟ ರೈತನಿಗೆ ಹಣ ಕಾಣಲು ಮುಂದಿನ ಬಿತ್ತನೆ ಹತ್ತಿರ ಬಂದಿತ್ತು. ಯಾರದು ಸರಿ ಎಂಬ ವಾದ ಏನೇ ಇರಲಿ, ಪರಿಹಾರಕ್ಕೆ ನ್ಯಾಯಾಲಯದ ಬಾಗಿಲು ಬಡಿಯಬೇಕಾದ ವ್ಯವಸ್ಥೆಯಲ್ಲಿ ಲೋಪ ಇದೆ.

2025ರ ಸೆಪ್ಟೆಂಬರ್‌ನಲ್ಲಿ ಚಿತ್ರ ತಿರುಗಿತು. ಮರಾಠವಾಡಾದ ಮೇಲೆ ಸುರಿದ ಮಳೆಗೆ ಧನೇಗಾಂವ್ ಅಣೆಕಟ್ಟೆಯಿಂದ ನೀರು ಬಿಟ್ಟರು, ಮಾಂಜ್ರಾ ಉಕ್ಕಿ ಭಾಲ್ಕಿ, ಔರಾದ್ ದಂಡೆಯ ಹೊಲಗಳಲ್ಲಿ ಸೋಯಾಬೀನ್, ತೊಗರಿ ನೀರಲ್ಲಿ ನಿಂತವು. ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವೈಮಾನಿಕ ಸಮೀಕ್ಷೆ ನಡೆಸಿ, ಕೇಂದ್ರದ ಮಾರ್ಗಸೂಚಿಯ ಪರಿಹಾರಕ್ಕೆ ರಾಜ್ಯದಿಂದ ಹೆಕ್ಟೇರಿಗೆ 8,500 ರೂಪಾಯಿ ಸೇರಿಸಿ ಕೊಡುವುದಾಗಿ ಹೇಳಿದರು. ಆಗಿನ ಮಾರ್ಗಸೂಚಿಯಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ ಇತ್ತು. ಬೆಳೆ ಕನಿಷ್ಠ ಶೇಕಡ 33ರಷ್ಟು ಹಾಳಾಗಿರಬೇಕಿತ್ತು, ಎರಡು ಹೆಕ್ಟೇರಿನ ಮಿತಿ ಇತ್ತು.

ಈ ಹಣ ರೈತನ ಖಾತೆಗೆ ಬರುವ ದಾರಿ ಹೀಗಿದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. ಗ್ರಾಮ ಆಡಳಿತ ಅಧಿಕಾರಿ (ಹಳ್ಳಿಗರ ಬಾಯಲ್ಲಿ ಇನ್ನೂ ತಲಾಟಿ) ಸರ್ವೆ ನಂಬರ್‌ವಾರು ನಷ್ಟ ಬರೆಯುತ್ತಾರೆ. ಪಟ್ಟಿ ತಹಶೀಲ್ದಾರರಿಂದ ‘ಪರಿಹಾರ’ ತಂತ್ರಾಂಶಕ್ಕೆ ಏರಿ, ಆಧಾರ್ ಜೋಡಿಸಿದ ಖಾತೆಗೆ ನೇರ ಜಮೆ. ದಲ್ಲಾಳಿಗೆ ಜಾಗವಿಲ್ಲದ ಒಳ್ಳೆಯ ಪದ್ಧತಿ. ಆದರೆ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪಾಲಿಗೆ, ಲಾವಣಿಗೆ ಹೊಲ ಮಾಡಿ ಬೀಜ ಗೊಬ್ಬರಕ್ಕೆ ಸಾಲ ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ತೀರಿಹೋದ ತಂದೆಯ ಹೆಸರಲ್ಲೇ ಪಹಣಿ ಉಳಿದ ಮನೆಗಳೂ ಕಾಯುತ್ತವೆ. ಕಳೆ ತೆಗೆಯುವ, ರಾಶಿ ಮಾಡುವ ಕೂಲಿ ಹೆಂಗಸರಿಗೆ ಬೆಳೆ ಹೋದರೆ ಒಂದು ಹಂಗಾಮಿನ ದುಡಿಮೆಯೇ ಹೋಯಿತು, ಅವರ ನಷ್ಟಕ್ಕೆ ಕಾಲಂ ಇಲ್ಲ. ಬೆಳೆ ವಿಮೆ ಮಾಡಿಸಿದವರಿಗೆ ಇನ್ನೊಂದು ದಾರಿ ಉಂಟು. ಆಲಿಕಲ್ಲು, ನೀರು ನಿಂತು ಆದ ಸ್ಥಳೀಯ ನಷ್ಟವನ್ನು 72 ಗಂಟೆಯೊಳಗೆ ವಿಮಾ ಕಂಪನಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಈ ಗಡುವು ಗೊತ್ತಿಲ್ಲದೆ ಹಕ್ಕು ಕಳೆದುಕೊಳ್ಳುವವರು ಬಹಳ.

ಎಕಂಬಾ, ಭಾಲ್ಕಿ, ಬೀದರ್ ಸುತ್ತಲ ಊರುಗಳಲ್ಲಿ ಎರಡು ಪದರದ ಕಲ್ಲುಮಣ್ಣಿನ ಗೋಡೆಯ ಮನೆಗಳು ಇಂದಿಗೂ ನಿಂತಿವೆ. ದೊಡ್ಡ ಮಳೆ ಹಿಡಿದರೆ ಗೋಡೆ ಬಿದ್ದು ಮಲಗಿದವರು ಸತ್ತ ಸುದ್ದಿ ಪ್ರತಿ ಮಳೆಗಾಲ ಬರುತ್ತದೆ. ಭೂಕಂಪಕ್ಕೂ ಮಳೆಗೂ ಇಲ್ಲಿ ಮದ್ದು ಒಂದೇ. ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ ತೆಳುವಾದ, ನೀರು ಇಳಿಯದ ಪದರ ಹಾಕುವುದು. ಗೋಡೆಯಲ್ಲಿ ಮೂರು ನಾಲ್ಕು ಅಡಿಗೊಂದರಂತೆ ರಂಧ್ರ ಕೊರೆದು ಎರಡೂ ಮುಖ ಹಿಡಿಯುವಂತೆ ಸರಳು ಮತ್ತು ಕಾಂಕ್ರೀಟಿನ ಅಡ್ಡಗಲ್ಲು ಕೂರಿಸುವುದು. ಕಂಬ ತೊಲೆ ಸೇರುವಲ್ಲಿ ಓರೆಪಟ್ಟಿ ಹೊಡೆಯುವುದು. ಊರಿನ ಗೌಂಡಿ, ಬಡಿಗ ಮಾಡಬಲ್ಲ ಕೆಲಸವಿದು, ಹೊಸ ಮನೆಯ ಖರ್ಚಿನ ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಪೂರ್ತಿ ಬಿದ್ದ ಮನೆಗೆ 2025ರ ಮಾರ್ಗಸೂಚಿಯಂತೆ 1,20,000 ರೂಪಾಯಿ, ಸತ್ತವರ ಕುಟುಂಬಕ್ಕೆ 4 ಲಕ್ಷ ಕೊಡುವ ಸರ್ಕಾರ ಬೀಳುವ ಮೊದಲೇ ಗೋಡೆ ಗಟ್ಟಿ ಮಾಡಲು ಅದರ ಸ್ವಲ್ಪ ಭಾಗ ಕೊಡಬೇಕು. ಗ್ರಾಮ ಪಂಚಾಯಿತಿಗಳು ಮುಂದಿನ ಮುಂಗಾರಿಗೆ ಮೊದಲು ಇಂಥ ಮನೆಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಲಿ. ಮನೆಯವರೂ ಅಲ್ಲಿಯವರೆಗೆ ಜೋರು ಮಳೆಯ ರಾತ್ರಿಗಳಲ್ಲಿ ಮಕ್ಕಳು, ಹಿರಿಯರನ್ನು ಆ ಗೋಡೆಗಳ ಬುಡದಲ್ಲಿ ಮಲಗಿಸದಿರಲಿ.